ಆ ಇಬ್ಬರನ್ನು ಬೇರ್ಪಡಿಸಬೇಕಿತ್ತೇ?

ಅಮೆರಿಕದ ಬೋಸ್ಟನ್ ಸೆಲ್ಟಿಕ್ಸ್ ಬಾಸ್ಕೆಟ್‌ಬಾಲ್ ತಂಡವು 2022ರ ಜನವರಿ 6ರಂದು ನ್ಯೂಯಾರ್ಕಿನೆದುರು 25 ಅಂಕ ಮುಂದಿದ್ದೂ ಸೋತಿತು. ಆಗ ಅದರ ಲೆಕ್ಕ 18 ಗೆಲುವು, 21 ಸೋಲು. ಟೇಟಮ್, ಬ್ರೌನ್ ಎಂಬ ತಾರೆಗಳು ಒಟ್ಟಿಗೆ ಆಡಲಾರರು, ಒಬ್ಬನನ್ನು ಕಳಿಸಿರೆಂಬ ಕೂಗೆದ್ದಿತು. ಟೇಟಮನಿಗೆ ಆಗ ಬರೇ 23 ವರ್ಷ.

ಹೋಟೆಲಿನವರಾದ ನಮಗೆ ಈ ಕೂಗು ಹೊಸದಲ್ಲ. ದೋಸೆ ಕಾವಲಿಗೆ ಅಂಟಿದರೆ ಹಿಟ್ಟು ಹೇಗಿದೆಯೆಂದು ಯಾರೂ ನೋಡರು. ಭಟ್ಟರನ್ನು ಓಡಿಸಿ ಎನ್ನುವವರೇ ಎಲ್ಲ.

ಬೋಸ್ಟನ್ನಿನ ಆಡಳಿತವು ಇಬ್ಬರನ್ನೂ ಉಳಿಸಿಕೊಂಡಿತು. ಹಾಗೆಂದು ಕೈಕಟ್ಟಿ ಕೂರಲಿಲ್ಲ. ಮರುತಿಂಗಳೇ ಡೆರಿಕ್ ವೈಟನನ್ನು, 2023ರಲ್ಲಿ ಪೋರ್ಜಿಂಗಿಸ್, ಹಾಲಿಡೇಯರನ್ನು ಅವರ ಜೊತೆಗೂಡಿಸಿತು. ತಾಳ್ಮೆಯೆಂದರೆ ಇದೇ ಎಂದು ನನ್ನ ಮತ. (ಹಳಬ ಸ್ಮಾರ್ಟ್ ಹೊರಬಿದ್ದುದು ಮಾತ್ರ ನನಗೆ ಸರಿತೋರದು.) 2022ರ ಅಂತಿಮ ಸರಣಿ ಸೋತರೂ 2024ರಲ್ಲಿ ಡಲ್ಲಾಸನ್ನು 4–1ರಿಂದ ಮಣಿಸಿದರು. ಆ ಸರಣಿಯ ಶ್ರೇಷ್ಠ ಆಟಗಾರ ಬ್ರೌನನೇ!