ಮರ ಹತ್ತುವ ಕೈಗೆ ಕೊಡ ಹೊರುವ ಕೆಲಸವೇಕೆ?



ಮುಂಗಾರು ಬಾಗಿಲಿಗೆ ಬಂತೆಂದರೆ ಅಡಿಕೆ ಸೀಮೆಯಲ್ಲಿ ಎಲ್ಲರಿಗೂ ಒಂದೇ ಹೊತ್ತಿಗೆ ಕೊನೆಗೌಡರು ಬೇಕು. ಊರಿಗೆ ಇರುವವರೋ ಒಬ್ಬಿಬ್ಬರು. ಮದ್ದು ಹೊಡೆಯುವುದು, ಕೊಟ್ಟೆ ಕಟ್ಟುವುದು, ಸುಗ್ಗಿಯಲ್ಲಿ ಕೊನೆ ಇಳಿಸುವುದು ಎಲ್ಲವೂ ಅವರಿಂದಲೇ ಆಗಬೇಕು. ಹೀಗಿರುವಾಗ ಅವರಿಂದ ನೀರು ಹೊರಿಸಿ, ಸುಣ್ಣ ಕಲಸಿಸಿ ಅರ್ಧ ದಿನ ಕಳೆಯುವುದು ಯಾವ ಜಾಣತನ?

100 ಲೀಟರು ನೀರಿಗೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ. ಈ ಶೇಕಡಾ 1ರ ಬೋರ್ಡೋ ದ್ರಾವಣವನ್ನು ಮನೆಮಂದಿಯೇ ಮಾಡಬಹುದು. ಗೌಡರು ಬರುವ ಹೊತ್ತಿಗೆ ಅದು ಸಿದ್ಧವಿರಲಿ. ಆದರೆ ಹಿಂದಿನ ದಿನವೇ ಮಾಡಿಡಬೇಡಿ. ಅಂದಿನದು ಅಂದೇ ಮುಗಿಯಬೇಕು.

ಇನ್ನು ಸರದಿಯ ಮಾತು. ಹೆಚ್ಚು ಕೂಲಿ ಕೊಟ್ಟವರಿಗೆ ಮೊದಲು ಎಂಬುದು ಊರಿಗೇ ನಷ್ಟ. ಹಿಂದಿನ ವರ್ಷ ಕೊಳೆ ಬಂದ ತೋಟ, ಗಾಳಿ ಬೆಳಕು ಆಡದ ತಗ್ಗಿನ ತೋಟ ಮೊದಲಾಗಲಿ. ಅಲ್ಲಿ ಹತ್ತಿದ ರೋಗ ಮಳೆಗಾಳಿಯ ಜೊತೆ ಬೇಲಿ ದಾಟಿ ನಿಮ್ಮಲ್ಲಿಗೂ ಬರುತ್ತದೆ. ಎರಡನೆಯ ಸಿಂಪಡಣೆ 40-45 ದಿನಕ್ಕೆ ಬರುವುದರಿಂದ ಅದೇ ಸರದಿ ಮತ್ತೆ ನಡೆಯುತ್ತದೆ. ಮಳೆ ಬಿಡುವು ಕೊಡದ ದಿನಗಳಿಗೆಂದು ನಡುನಡುವೆ ಒಂದೆರಡು ದಿನ ಖಾಲಿ ಬಿಡಿ.

ಊರಿನ ತರುಣರು ಕಾರ್ಬನ್ ಫೈಬರ್ ದೋಟಿಯ ಬಳಕೆ ಕಲಿಯಲಿ. ಗಿಡ್ಡ ಮರಗಳಿಗೆ ಅವರು ನೆಲದಲ್ಲೇ ನಿಂತು ಮದ್ದು ಹೊಡೆದರೆ ಗೌಡರ ದಿನಗಳು ಎತ್ತರದ ಮರಗಳಿಗೆ ಉಳಿಯುತ್ತವೆ.

ಮೇ ತಿಂಗಳಲ್ಲೇ ಒಂದು ಸಂಜೆ ವಾಚನಾಲಯದ ಜಗಲಿಯಲ್ಲಿ ಸೇರಿ ಪಟ್ಟಿ ಬರೆಯಿರಿ. ಕೊನೆಗೌಡರನ್ನೂ ಜೊತೆಗೆ ಕೂರಿಸಿಕೊಳ್ಳಿ. ದಿನಕ್ಕೆ ಎಷ್ಟು ಮರ ಎಂಬುದನ್ನು ಅವರೇ ಹೇಳಲಿ. ಜೀವ ಕೈಯಲ್ಲಿ ಹಿಡಿದು ಏರುವವರು ಅವರು, ನಾವಲ್ಲ.