ಪಿಯಾನೊ ಕೆಟ್ಟಿತೆಂದು ತೀರ್ಮಾನಿಸುವ ಮುನ್ನ

ಪವಿತ್ರ ಗುರುವಾರದ ಮಹಿಮಾಗೀತೆಯೊಡನೆ ನಮ್ಮ ದೇವಾಲಯಗಳ ಗಂಟೆಗಳು ಮೌನ ತಾಳುತ್ತವೆ. ವಾದ್ಯಗಳೂ ಹಾಡಿಗೆ ಆಸರೆಯಾಗುವಷ್ಟಕ್ಕೆ ಮಾತ್ರ ನುಡಿಯುತ್ತವೆ. ಶನಿವಾರ ರಾತ್ರಿಯ ಪಾಸ್ಖ ಜಾಗರಣೆಯಲ್ಲಿ ಅದೇ ಗೀತೆ ಮರಳಿದಾಗ ಎಲ್ಲವೂ ಒಮ್ಮೆಗೇ ಮೊಳಗಬೇಕು. ಭಕ್ತವಿಶ್ವಾಸಿಗಳು ನಲವತ್ತು ದಿನ ಕಾದಿರುವ ಕ್ಷಣವದು.

ಕೆಲವು ವರ್ಷಗಳ ಹಿಂದೆ ರೋಣ, ನರಗುಂದ, ಗಜೇಂದ್ರಗಡಗಳ ಈ ಭಾಗದ ಪುಟ್ಟ ದೇವಾಲಯವೊಂದರಲ್ಲಿ ಆ ಕ್ಷಣ ಕೆಟ್ಟುಹೋಯಿತು. ಕತ್ತಲೆಗೆಂದು ಆರಿಸಿದ್ದ ದೀಪಗಳು ಬೆಳಗಿದವು, ಗಂಟೆ ಮೊಳಗಿತು. ಡಿಜಿಟಲ್ ಪಿಯಾನೊದ ಮುಂದಿದ್ದ ಬಾಲಕಿ ಅವಸರದಿಂದ ಸ್ವಿಚ್ ಒತ್ತಿ ನುಡಿಸತೊಡಗಿದಳು. ಒಂದು ಸ್ವರದ ಮೇಲೊಂದು ಸ್ವರ ಹರಿದು ಹಾಡೆಲ್ಲ ಕಲಸಿಹೋಯಿತು. ಪೆಡಲ್ ಒತ್ತಿದರೆ ನಾದ ತುಂಡಾಗುತ್ತಿತ್ತು, ಕಾಲು ತೆಗೆದರೆ ನಿಲ್ಲದೆ ಗುಂಯ್‌ಗುಡುತ್ತಿತ್ತು. ಗಾಯನವೃಂದದವರು ವಾದ್ಯ ಬಿಟ್ಟು ಹಾಡಿ ಮುಗಿಸಿದರು. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಎರಡು ತೀರ್ಪುಗಳು ಹೊರಬಿದ್ದವು: ವಾದ್ಯ ಕೆಟ್ಟಿದೆ, ಹುಡುಗಿಗೆ ನುಡಿಸಲು ಬಾರದು.

ಎರಡೂ ತಪ್ಪು. ಸ್ವಿಚ್ ಒತ್ತುವಾಗ ಆಕೆಯ ಕಾಲು ಪೆಡಲಿನ ಮೇಲಿತ್ತು, ಅಷ್ಟೇ. ಪೆಡಲ್ ಎಂಬುದು ಒಂದು ಸರಳ ಸ್ವಿಚ್. ಕೆಲವು ತಯಾರಕರ ಪೆಡಲಿನಲ್ಲಿ ಒತ್ತಿದಾಗ ಸಂಪರ್ಕ ಕೂಡುತ್ತದೆ, ಇನ್ನು ಕೆಲವರದರಲ್ಲಿ ಕಡಿಯುತ್ತದೆ. ಆದುದರಿಂದ ಅನೇಕ ವಾದ್ಯಗಳು ವಿದ್ಯುತ್ ಹರಿದ ಕ್ಷಣದಲ್ಲಿ ಪೆಡಲ್ ಹೇಗಿದೆಯೋ ಅದನ್ನೇ 'ಒತ್ತದ ಸ್ಥಿತಿ' ಎಂದು ಗ್ರಹಿಸುತ್ತವೆ. ಆಗ ಕಾಲು ಅಲ್ಲಿದ್ದರೆ ಮುಂದೆ ಎಲ್ಲವೂ ತಿರುವುಮುರುವು. ವಾದ್ಯ ಆರಿಸಿ, ಕಾಲು ತೆಗೆದು, ಪೆಡಲಿನ ಪ್ಲಗ್ ಭದ್ರವಾಗಿದೆಯೇ ನೋಡಿ ಮತ್ತೆ ಹಚ್ಚಿದರೆ ಸರಿಹೋಗುತ್ತದೆ. ಬೇರೆ ಕಂಪನಿಯ ಪೆಡಲ್ ಕೊಂಡಿದ್ದರೆ ಅದರ ತಳದಲ್ಲಿ ಈ ವ್ಯತ್ಯಾಸಕ್ಕೆಂದೇ ಚಿಕ್ಕ ಗುಂಡಿಯೊಂದು ಇದೆಯೇ ಎಂದೂ ನೋಡಬೇಕು. ಇಷ್ಟಕ್ಕೆ ಎರಡು ನಿಮಿಷ ಸಾಕು. ಆದರೆ ಅಷ್ಟರಲ್ಲಿ ಹೊಸ ವಾದ್ಯಕ್ಕಾಗಿ ವಂತಿಗೆಯ ಪಟ್ಟಿ ಹೊರಟಿತ್ತು.

ಪೇಟಿ ಕೆಟ್ಟರೆ ನಮ್ಮ ಜನ ಹೀಗೆ ಧೈರ್ಯಗೆಡುತ್ತಿರಲಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ನೆರಳಿನಲ್ಲಿರುವ ಸೀಮೆಯಿದು. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಸಂಗೀತ ಕಲಿಸಿದ ನೆಲ. ಪೇಟಿಯ ತಿದಿಯಲ್ಲಿ ಗಾಳಿ ಸೋರುತ್ತಿದೆಯೇ, ರೀಡಿಗೆ ಧೂಳು ಹಿಡಿದಿದೆಯೇ ಎಂದು ತೆರೆದು ನೋಡುವವರು ಇಲ್ಲಿ ಎಂದೂ ಇದ್ದರು. ವಿದ್ಯುತ್ ವಾದ್ಯವೆಂದೊಡನೆ ಮಾತ್ರ ಕೈಕಟ್ಟಿ ನಿಲ್ಲುತ್ತೇವೆ. (ಪಿಯಾನೊ ದೇವಾಲಯಕ್ಕೆ ಬಂದದ್ದೇ ಒಂದು ಸೋಜಿಗ. 1903ರಲ್ಲಿ ಜಗದ್ಗುರು ಹತ್ತನೆಯ ಪಿಯೂಸರು ಅದನ್ನು ದೇವಾಲಯದಲ್ಲಿ ಸ್ಪಷ್ಟವಾಗಿ ನಿಷೇಧಿಸಿದ್ದರು. ಪೂಜಾವಿಧಿಗೆ ಯೋಗ್ಯವಾದ ಇತರ ವಾದ್ಯಗಳಿಗೆ ಬಾಗಿಲು ಅಗಲವಾಗಿ ತೆರೆದದ್ದು 1963ರಲ್ಲಿ, ಎರಡನೆಯ ವ್ಯಾಟಿಕನ್ ಮಹಾಸಭೆಯಿಂದ.)

ದನಿಯೇ ಹೊರಡದಿದ್ದರೆ ಮೊದಲು ಹೆಡ್‌ಫೋನಿನ ಕಿಂಡಿ ನೋಡಬೇಕು. ಅಭ್ಯಾಸದ ವೇಳೆ ಸಿಕ್ಕಿಸಿದ ಪ್ಲಗ್ಗೋ ಅದರ ಅಡಾಪ್ಟರೋ ಅಲ್ಲಿಯೇ ಉಳಿದಿದ್ದರೆ ವಾದ್ಯದ ಸ್ವಂತ ಸ್ಪೀಕರ್ ಮೂಕವಾಗುತ್ತದೆ. ಧ್ವನಿವರ್ಧಕದಲ್ಲಿ ದನಿ ಒಡೆದು ಕೇಳಿದರೆ, ತಂತಿಯನ್ನು ಮೈಕಿನ ಕಿಂಡಿಗೆ ಚುಚ್ಚಿರುವ ಸಂಭವವೇ ಹೆಚ್ಚು. ಅದರ ಜಾಗ 'ಲೈನ್' ಅಥವಾ 'ಆಕ್ಸ್' ಎಂದು ಬರೆದ ಕಿಂಡಿ. ನುಡಿಸದಿದ್ದರೂ ಗುಂಗುಡುವ ಸದ್ದು ಬರುತ್ತಿದ್ದರೆ ವಾದ್ಯವನ್ನೂ ಆಂಪ್ಲಿಫೈಯರನ್ನೂ ಒಂದೇ ಸಾಕೆಟ್ಟಿನಿಂದ ಹಚ್ಚಿ ನೋಡಬೇಕು. ಗುಂಗು ತಪ್ಪಿಸಲೆಂದು ಅರ್ಥಿಂಗ್ ಪಿನ್ ಕೀಳುವವರನ್ನು ನಾವು ಕಂಡಿದ್ದೇವೆ. ಇದು ಪ್ರಾಣಕ್ಕೆ ಎರವಾಗುವ ಕೆಲಸ. ವಾದ್ಯ ಶ್ರುತಿ ತಪ್ಪಿದಂತೆ ಕೇಳಿದರೆ ಯಾರೋ ಮಗು 'ಟ್ರಾನ್ಸ್‌ಪೋಸ್' ಗುಂಡಿ ಒತ್ತಿರಬಹುದು. ತಂತಿಗಳಿಲ್ಲದ ಈ ವಾದ್ಯದ ಶ್ರುತಿ ಹವೆಯಿಂದ ಇಳಿಯುವುದಿಲ್ಲ.

ನಿಜವಾದ ಶತ್ರು ನಮ್ಮ ಎರೆನೆಲದ ಧೂಳು. ಕೀಲಿಗಳ ಕೆಳಗೆ ರಬ್ಬರಿನ ಪಟ್ಟಿಗಳಿದ್ದು, ಅವುಗಳ ತುದಿಯ ಕಪ್ಪು ಬಿಂದುಗಳು ಫಲಕಕ್ಕೆ ತಾಗಿದಾಗ ಸ್ವರ ಹುಟ್ಟುತ್ತದೆ. ಎರಡು ಬಿಂದುಗಳು ತಾಗುವ ನಡುವಿನ ಅಂತರದಿಂದ ಬೆರಳಿನ ಬಲವನ್ನು ವಾದ್ಯ ಅಳೆಯುತ್ತದೆ. ಅಲ್ಲಿ ಧೂಳು ಕುಳಿತರೆ ಒಂದು ಸ್ವರ ಮೂಕವಾಗುತ್ತದೆ, ಇಲ್ಲವೇ ಹಠಾತ್ತನೆ ಅರಚುತ್ತದೆ. ಅನುಭವಿ ರಿಪೇರಿಯವರು ಬಿಚ್ಚಿ ಒರೆಸಿದರೆ ಬಹುಪಾಲು ಸರಿಹೋಗುವ ದೋಷವಿದು. ಪ್ರತಿ ಭಾನುವಾರ ಪೂಜೆ ಮುಗಿದೊಡನೆ ದಪ್ಪ ಬಟ್ಟೆ ಹೊದಿಸಿದರೆ ಆ ಖರ್ಚೂ ಉಳಿದೀತು. ವಿದ್ಯುತ್ ಹೋಗಿ ಬರುವಾಗ ವಾದ್ಯವನ್ನು ಆರಿಸಿಡುವುದು ಲೇಸು. ಅಡಾಪ್ಟರ್ ಹಾಳಾದರೆ ಪ್ಲಗ್ ಹೊಂದಿತೆಂದು ಯಾವುದೋ ಒಂದನ್ನು ಸಿಕ್ಕಿಸದೆ, ವೋಲ್ಟೇಜನ್ನೂ ಧನ-ಋಣಗಳ ಗುರುತನ್ನೂ ವಾದ್ಯದ ಬೆನ್ನಿನ ಬರಹದೊಡನೆ ತಾಳೆ ನೋಡಬೇಕು.

ವಂತಿಗೆಯ ಹಣ ಬೀಜ-ಗೊಬ್ಬರದ ಖರ್ಚಿನಿಂದಲೂ ಮಗ್ಗದ ಕೂಲಿಯಿಂದಲೂ ಉಳಿಸಿ ಕೊಟ್ಟದ್ದು. ಹೊಸ ವಾದ್ಯಕ್ಕೆ ಕೈಹಾಕುವ ಮುನ್ನ ಧರ್ಮಕೇಂದ್ರದ ಹಿರಿಯರು ಹಳೆಯದನ್ನು ಬಲ್ಲವರಿಗೆ ತೋರಿಸಲೇಬೇಕೆಂದು ನಾವು ಆಗ್ರಹಿಸುತ್ತೇವೆ. ಗಾಯನವೃಂದದ ಇಬ್ಬರು ಮೂವರು ಮಕ್ಕಳಿಗಾದರೂ ಈ ಪರೀಕ್ಷೆಗಳನ್ನು ಕಲಿಸಿಡಬೇಕು. ಜಾಗರಣೆಯ ದಿನ ಸಂಜೆಯೇ ದೀಪ ಆರಿಸಿ, ಹಚ್ಚಿ, ವಾದ್ಯವನ್ನು ಒಮ್ಮೆ ನುಡಿಸಿ ನೋಡಬೇಕು.

ನಾವು ಹೇಳಿದ ದೇವಾಲಯದಲ್ಲಿ ಹಳೆಯ ಪಿಯಾನೊವೇ ಈಗಲೂ ನುಡಿಯುತ್ತಿದೆ, ಬೇರೆಯವರ ಕೈಯಲ್ಲಿ. ಆ ಬಾಲಕಿ ಅಂದಿನಿಂದ ವಾದ್ಯದ ಮುಂದೆ ಕುಳಿತಿಲ್ಲ. ತಪ್ಪು ಆಕೆಯದಲ್ಲವೆಂದು ಹೇಳಲು ಹಿರಿಯರಾರೂ ಇನ್ನೂ ಆಕೆಯ ಮನೆಗೆ ಹೋಗಿಲ್ಲವೆಂದು ಕೇಳಿದ್ದೇವೆ.