ಇಲ್ಲದ್ದನ್ನು ನಿಷೇಧಿಸಿದ್ದರೇ?

ಕ್ರೈಸ್ತ ದೇವಶಾಸ್ತ್ರಜ್ಞರು ತೀರ್ಮಾನವನ್ನು ಮೊದಲೇ ಜೇಬಿನಲ್ಲಿಟ್ಟುಕೊಂಡು ವಾದಕ್ಕೆ ಕೂರುತ್ತಿದ್ದರು, ಆದ್ದರಿಂದ ಮಧ್ಯಯುಗದ ಯುರೋಪಿನಲ್ಲಿ ತತ್ತ್ವಶಾಸ್ತ್ರವೇ ಇರಲಿಲ್ಲ ಎಂಬುದು ಕಳೆದ ಸಂಚಿಕೆಯ ಲೇಖನದ ವಾದ. ಮೊದಲರ್ಧದಲ್ಲಿ ಹುರುಳಿದೆ, ಆ ದೇವಶಾಸ್ತ್ರಜ್ಞರಲ್ಲೊಬ್ಬನಾದ ಥಾಮಸ್ ಅಕ್ವಿನಾಸ್ ಬಗ್ಗೆ ಬರ್ಟ್ರಂಡ್ ರಸೆಲ್ ಎತ್ತಿದ ಆಕ್ಷೇಪವೂ ಇದೇ. ಆದರೆ ಅದರಿಂದ ಎರಡನೆಯ ಮಾತು ಸಿದ್ಧವಾಗುವುದಿಲ್ಲ.

ಜಗತ್ತಿಗೆ ಆರಂಭವಿದೆಯೇ ಎಂಬ ಪ್ರಶ್ನೆಯನ್ನೇ ನೋಡಿ. ಇದೆ ಎಂದು ಅಕ್ವಿನಾಸ್ ನಂಬಿದ್ದ. ಆದರೂ ಅದನ್ನು ತರ್ಕದಿಂದ ಸಾಧಿಸಲಾಗದು ಎಂದೇ ಬರೆದ. ಸಾಧಿಸಬಹುದು ಎನ್ನುತ್ತಿದ್ದ ಬೊನವೆಂಚರ್ ಅವನ ಸಮಕಾಲೀನ, ಅದೇ ಚರ್ಚಿನವನು. ಗಟ್ಟಿಯಿಲ್ಲದ ಪುರಾವೆ ಮುಂದಿಟ್ಟರೆ ನಂಬದವರು ನಕ್ಕಾರು ಎಂಬ ಎಚ್ಚರಿಕೆಯೂ ಅಕ್ವಿನಾಸನದೇ. ಒಬ್ಬನೇ ದೇವರಲ್ಲಿ ಮೂವರು ಎಂಬ ತ್ರಿತ್ವದ ವಿಷಯದಲ್ಲೂ ಅಷ್ಟೇ: ಅದು ಶ್ರದ್ಧೆಗೆ ಸೇರಿದ್ದು, ಬುದ್ಧಿಬಲದಿಂದ ಅಲ್ಲಿಗೆ ಮುಟ್ಟಲಾಗದು ಎಂದ. ತನಗೆ ಬೇಕಾದ ತೀರ್ಮಾನಕ್ಕೇ ಸಾಕ್ಷ್ಯ ಸಾಲದು ಎನ್ನುವವನನ್ನು ಬರೀ ವಕೀಲ ಎನ್ನಲಾದೀತೇ?

ಒಬ್ಬನ ನಂಬಿಕೆ ಏನು ಎಂಬುದು ಅವನ ವಾದ ಗೆಲ್ಲುತ್ತದೋ ಸೋಲುತ್ತದೋ ಎಂಬುದನ್ನು ನಿರ್ಧರಿಸುವುದಿಲ್ಲ. ಶ್ರುತಿಪ್ರಾಮಾಣ್ಯ ಒಪ್ಪಿದ ಶಂಕರ, ರಾಮಾನುಜ, ಮಧ್ವರನ್ನು ದಾರ್ಶನಿಕರೆನ್ನಲು ನಮಗೇನೂ ಹಿಂಜರಿಕೆಯಿಲ್ಲವಲ್ಲ!

ಇನ್ನು ಚರ್ಚಿನ ದಬ್ಬಾಳಿಕೆ. ಅದು ನಿಜ, ಮುಚ್ಚಿಡುವಂಥದ್ದಲ್ಲ. 1277ರಲ್ಲಿ ಪ್ಯಾರಿಸಿನ ಬಿಷಪ್ ಎತಿಯೆನ್ ತಾಂಪಿಯೇ 219 ಪ್ರತಿಪಾದನೆಗಳನ್ನು ಖಂಡಿಸಿ, ಅವನ್ನು ಬೋಧಿಸಿದವರಿಗೆ ಬಹಿಷ್ಕಾರದ ಬೆದರಿಕೆ ಹಾಕಿದ. ಅವುಗಳಲ್ಲಿ ಹಲವು ಅರಿಸ್ಟಾಟಲನನ್ನು ಓದಿಸುತ್ತಿದ್ದ ಅಲ್ಲಿನ ವಿಶ್ವವಿದ್ಯಾಲಯದ ಕಲಾವಿಭಾಗದ ಅಧ್ಯಾಪಕರಿಗೆ ಗುರಿಯಿಟ್ಟವು. ಅಲ್ಲಿ ತತ್ತ್ವಶಾಸ್ತ್ರವೇ ಇರಲಿಲ್ಲವೆಂದಾದರೆ ಬಿಷಪ್ಪನಿಗೆ ಇಷ್ಟೊಂದು ಸಿಟ್ಟು ಬಂದದ್ದು ಯಾವುದರ ಮೇಲೆ?